‘ಸಿಕ್ಕರೆ’ ಎಂಬ ಷರತ್ತು: ತೆಂಗಿನ ಗಣಕ ಮಾದರಿಯ ಒಂದು ಓದು

ಹವಾಮಾನ ಬದಲಾದರೆ ತೆಂಗಿಗೆ ಏನಾದೀತು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಕ್ಕಿರುವ ಮುಖ್ಯ ಉತ್ತರಗಳಲ್ಲೊಂದು ಎಸ್. ನರೇಶ್ ಕುಮಾರ್ ಮತ್ತು ಪಿ.ಕೆ. ಅಗರ್‌ವಾಲ್ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಸಾರ ಹೀಗಿದೆ: ಪಶ್ಚಿಮ ಕರಾವಳಿ, ಕೇರಳ, ಕರ್ನಾಟಕ ಮತ್ತು ತಮಿಳುನಾಡಿನ ಕೆಲವು ಭಾಗಗಳಲ್ಲಿ ಇಳುವರಿ ಹೆಚ್ಚಬಹುದು, ಆಂಧ್ರ, ಒಡಿಶಾ, ಗುಜರಾತ್ ಮತ್ತು ಇದೇ ಕರ್ನಾಟಕ, ತಮಿಳುನಾಡುಗಳ ಬೇರೆ ಕೆಲವು ಭಾಗಗಳಲ್ಲಿ ಕುಗ್ಗಬಹುದು. ಹೆಚ್ಚಬಹುದು ಎಂದ ಕಡೆ ಒಂದು ಷರತ್ತಿದೆ: ಈಗಿನಷ್ಟೇ ನೀರು, ಈಗಿನಷ್ಟೇ ಆರೈಕೆ ಮುಂದೆಯೂ ಸಿಕ್ಕರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯವರು ಈ ವಾಕ್ಯವನ್ನು ಓದಿದರೆ ಅವರ ಕಣ್ಣು ಮೊದಲು ನಿಲ್ಲುವುದು ‘ಹೆಚ್ಚಬಹುದು’ ಎಂಬಲ್ಲಿ ಅಲ್ಲ, ‘ಸಿಕ್ಕರೆ’ ಎಂಬಲ್ಲಿ. ಕನ್ನಡದಲ್ಲಿ ಷರತ್ತಿಗೆ ಒಂದು ಅಕ್ಷರ ಸಾಕು. ಕ್ರಿಯಾಪದದ ಕೊನೆಗೆ ‘ರೆ’ ಸೇರಿಸಿದರೆ ಮುಗಿಯಿತು. ಆ ಒಂದು ಅಕ್ಷರದ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಅಳೆಯುವುದು ವಿಮರ್ಶೆಯ ಕೆಲಸ ಎಂದು ನನಗನ್ನಿಸುತ್ತದೆ. ಗಣಕ ಮಾದರಿಗಳನ್ನು ವಿಜ್ಞಾನಿಗಳ ಪಾಡಿಗೆ ಬಿಟ್ಟು ನಾವು ಕತೆ, ಕಾದಂಬರಿಗಳನ್ನಷ್ಟೇ ಓದುತ್ತಿದ್ದೇವೆ. ಆದರೆ ಮಾದರಿಯೂ ಒಂದು ಕಥನ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು, ಯಾವುದು ಬದಲಾಗುತ್ತದೆ, ಯಾವುದು ಇದ್ದಂತೆಯೇ ಇರುತ್ತದೆ ಎಂದು ತೀರ್ಮಾನಿಸಿದ ಮೇಲೆಯೇ ಅದು ಓಡುವುದು.

ಮೊದಲು ಈ ಮಾದರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ‘ಇನ್ಫೋಕ್ರಾಪ್’ ಎಂಬ ತಂತ್ರಾಂಶವನ್ನು ತೆಂಗಿಗೆ ಹೊಂದಿಸಿದ ಕೆಲಸದ ವಿವರ ಪ್ರಕಟವಾದದ್ದು 2008ರಲ್ಲಿ. ಅದರ ಬೇರು ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿದೆ; 1916ರಲ್ಲೇ ತೆಂಗಿನ ಸಂಶೋಧನೆ ಶುರುವಾದ ಜಾಗ ಅದು. ಬಿಸಿಲು, ಉಷ್ಣಾಂಶ, ಮಳೆ, ಮಣ್ಣಿನ ತೇವ ಇವನ್ನು ದಿನದಿನಕ್ಕೆ ಉಣಿಸುತ್ತಾ ಹೋದರೆ ಮರ ಎಷ್ಟು ಆಹಾರ ತಯಾರಿಸಿತು, ಅದರಲ್ಲಿ ಕಾಂಡಕ್ಕೆಷ್ಟು, ಗರಿಗೆಷ್ಟು, ಕಾಯಿಗೆಷ್ಟು ಎಂದು ಮಾದರಿ ಲೆಕ್ಕ ಹಾಕುತ್ತದೆ.

ಇಂಥ ಲೆಕ್ಕ ತೆಂಗಿಗೆ ಏಕೆ ಬೇಕು? ರಾಗಿ ಹೊಲದಲ್ಲಿ ಈ ವರ್ಷದ ಬರ ಈ ವರ್ಷವೇ ಕಾಣುತ್ತದೆ. ತೆಂಗು ಹಾಗಲ್ಲ. ಸುಳಿಯೊಳಗೆ ಹೊಂಬಾಳೆಯ ಮೊಳಕೆ ಮೂಡಿದ ಮೇಲೆ ಅದು ಹೊರಬಂದು ಬಿರಿಯಲು ಸುಮಾರು 32 ತಿಂಗಳು ಬೇಕು. ಅಲ್ಲಿಂದ ಕಾಯಿ ಬಲಿಯಲು ಇನ್ನೂ ಸುಮಾರು 12 ತಿಂಗಳು. ಅಂದರೆ ಇಂದು ಕೀಳುವ ಕಾಯಿಯ ಹಿಂದೆ 44 ತಿಂಗಳ ಚರಿತ್ರೆ ಇದೆ. ಬರ ಬಂದ ವರ್ಷ ಗೊನೆ ತಕ್ಕಮಟ್ಟಿಗೆ ಚೆನ್ನಾಗಿಯೇ ಇದ್ದು, ಮಳೆ ಹೊಯ್ದ ಮುಂದಿನ ವರ್ಷ ಮರ ಬರಿದಾಗುವುದುಂಟು. ಆಗ ಗೊಬ್ಬರವನ್ನೋ ನುಸಿಯನ್ನೋ ದೂರುತ್ತೇವೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಷ್ಟು ದೂರವಿದ್ದಾಗ ಮನುಷ್ಯನ ನೆನಪು ಸೋಲುತ್ತದೆ. ಆ ದೂರವನ್ನು ಬಿಡದೆ ಹಿಡಿದುಕೊಳ್ಳುವುದು ಸಿಮ್ಯುಲೇಷನ್‌ನ ನಿಜವಾದ ಶಕ್ತಿ.

ಈಗ ಷರತ್ತಿಗೆ ಬರೋಣ. ಇಂಥ ಬೆಳೆ ಮಾದರಿಗಳಲ್ಲಿ ನೀರಾವರಿ ಎಂಬುದು ಹೊರಗಿನಿಂದ ಬರುವ ಸಂಖ್ಯೆ. ಯಾವ ದಿನ ಎಷ್ಟು ನೀರು ಕೊಟ್ಟೆವು ಎಂದು ನಾವು ಹೇಳುತ್ತೇವೆ, ಮರ ಕುಡಿಯುತ್ತದೆ. ಆ ನೀರು ಎಲ್ಲಿಂದ ಬಂತು ಎಂದು ಮಾದರಿ ಕೇಳುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುವ ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳದಿದ್ದರೂ ನಡೆದೀತು. ಅದರ ಕಾಲು ಭಾಗ ಬಿದ್ದರೇ ಹೆಚ್ಚು ಎನ್ನುವ ತಿಪಟೂರು ಸೀಮೆಯಲ್ಲಿ ನಡೆಯುವುದಿಲ್ಲ. ಇಲ್ಲಿ ನೀರು ತೋಟದ ಹೊರಗಿನ ಸಂಗತಿಯಲ್ಲ. ತೋಟ ಹೆಚ್ಚಿದಂತೆ ಬೋರು ಹೆಚ್ಚುತ್ತದೆ, ಬೋರು ಹೆಚ್ಚಿದಂತೆ ಅಂತರ್ಜಲ ಇಳಿಯುತ್ತದೆ, ಇಳಿದಂತೆ ಇನ್ನೂ ಆಳದ ಬೋರು, ಅದಕ್ಕೆ ಸಾಲ, ಸಾಲ ತೀರಿಸಲು ತೋಟದಿಂದ ಇನ್ನಷ್ಟು ಕಾಯಿ ಬೇಕು, ಅದಕ್ಕೆ ಇನ್ನಷ್ಟು ನೀರು. ಗೊರೂರಿನ ಹೇಮಾವತಿ ಬಾಗೂರು-ನವಿಲೆ ಸುರಂಗ ದಾಟಿ ಬಂದು ಕೆರೆ ತುಂಬಿಸಿದರೆ ಸುತ್ತಲಿನ ಬೋರುಗಳಿಗೆ ಜೀವ ಬರುತ್ತದೆ. ಆದರೆ ನಾಲೆಗೆ ನೀರು ಎಷ್ಟು, ಯಾವಾಗ ಎಂಬುದು ಕಾವೇರಿ ಕಣಿವೆಯ ಹಂಚಿಕೆಯ ಮಾತು. ಹೀಗೆ ಮಾದರಿ ‘ಇದ್ದಂತೆಯೇ ಇರಲಿ’ ಎಂದು ಪಕ್ಕಕ್ಕಿಟ್ಟದ್ದೇ ಇಲ್ಲಿ ಎಲ್ಲಕ್ಕಿಂತ ವೇಗವಾಗಿ ಬದಲಾಗುತ್ತಿದೆ.

ಇದಕ್ಕೆ ವಿಜ್ಞಾನಿಗಳ ಉತ್ತರವನ್ನು ಊಹಿಸಬಹುದು: ಇದು ಮರದ ಮಾದರಿ, ಊರಿನ ಮಾದರಿಯಲ್ಲ, ಷರತ್ತನ್ನು ನಾವು ಮುಚ್ಚಿಟ್ಟಿಲ್ಲವಲ್ಲ. ಈ ಉತ್ತರ ಪ್ರಾಮಾಣಿಕವಾದದ್ದೇ. ತೊಂದರೆ ಇರುವುದು ವಾಕ್ಯದ ಪ್ರಯಾಣದಲ್ಲಿ. ಪ್ರಬಂಧದಿಂದ ವರದಿಗೆ, ವರದಿಯಿಂದ ಭಾಷಣಕ್ಕೆ ದಾಟುವಾಗ ಮೊದಲು ಉದುರುವುದು ‘ರೆ’. ‘ನೀರು ಸಿಕ್ಕರೆ ಇಳುವರಿ ಹೆಚ್ಚಬಹುದು’ ಎಂಬುದು ‘ಇಳುವರಿ ಹೆಚ್ಚಲಿದೆ’ ಎಂದಾಗಲು ಹೆಚ್ಚು ದೂರ ಹೋಗಬೇಕಿಲ್ಲ. ಆ ಮಾತು ನಂಬಿ ಇಂದು ಸಸಿ ನೆಟ್ಟವರು ಎತ್ತರದ ತಳಿಯಾದರೆ ಫಲಕ್ಕೆ ಆರೇಳು ವರ್ಷ ಕಾಯಬೇಕು. ಅಷ್ಟರೊಳಗೆ ಬೋರು ಬತ್ತಿದರೆ ನಷ್ಟ ಹೊರುವವರು ಅವರೇ, ಮಾದರಿಯಲ್ಲ.

ಹಾಗಾದರೆ ನೀರು ಹಂಚಿಕೊಳ್ಳುವ ಜನರನ್ನೇ ಒಳಗಿಟ್ಟ ಮಾದರಿ ಸಾಧ್ಯವೇ? ಬಾಲಿ ದ್ವೀಪದಲ್ಲಿ ಅದು ನಡೆದಿದೆ. ಅಲ್ಲಿನ ಭತ್ತದ ಗದ್ದೆಗಳ ನೀರನ್ನು ‘ಸುಬಕ್’ ಎಂಬ ರೈತ ಕೂಟಗಳು ಜಲದೇವಾಲಯಗಳ ಮೂಲಕ ಹಂಚಿಕೊಳ್ಳುತ್ತವೆ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದು, ಸಾಧ್ಯವಾದಷ್ಟು ಸಲ ನಾಟಿ ಮಾಡಿ ಎಂದಿತು. ಒಟ್ಟಿಗೆ ಗದ್ದೆ ಬಿಡುವ ಪದ್ಧತಿ ಮುರಿದು ಕೀಟಗಳು ಹೆಚ್ಚಿದವು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ನದಿಗಳ 172 ಸುಬಕ್‌ಗಳನ್ನು ಗಣಕದಲ್ಲಿ ಕಟ್ಟಿದರು. ಒಬ್ಬೊಬ್ಬರೇ ನಾಟಿ ಮಾಡಿದರೆ ಕೀಟ, ಎಲ್ಲರೂ ಒಂದೇ ದಿನ ಮಾಡಿದರೆ ನೀರಿನ ಕೊರತೆ. ಇವೆರಡರ ನಡುವಿನ ಹದ ದೇವಾಲಯಗಳು ನಡೆಸುತ್ತಿದ್ದ ಹೊಂದಾಣಿಕೆಯ ಹತ್ತಿರವೇ ಇತ್ತು. ಲ್ಯಾನ್ಸಿಂಗ್ ಈ ಬಗ್ಗೆ ಬರೆದ ಪುಸ್ತಕ ಬಂದದ್ದು 1991ರಲ್ಲಿ. ಯೋಜಕರ ಕಣ್ಣಿಗೆ ಬರೀ ಆಚರಣೆಯಾಗಿ ಕಂಡದ್ದು ಲೆಕ್ಕದೊಳಗೆ ಬಂದಾಗ ನೀರಾವರಿ ವ್ಯವಸ್ಥೆಯಾಗಿ ಕಂಡಿತು.

ನಮ್ಮ ಸೀಮೆಗೆ ಇಂಥದೊಂದು ಮಾದರಿ ಕಟ್ಟಲು ತಂತ್ರಾಂಶದ ಕೊರತೆಯಿಲ್ಲ. 1999ರಲ್ಲಿ ಯೂರಿ ವಿಲೆನ್‌ಸ್ಕಿ ರೂಪಿಸಿದ ‘ನೆಟ್‌ಲೋಗೋ’ ಉಚಿತವಾಗಿ ಸಿಗುತ್ತದೆ, ವಿದ್ಯಾರ್ಥಿಗಳೂ ಕಲಿಯಬಹುದು. ಕಷ್ಟವಿರುವುದು ಅದರೊಳಗೆ ಏನಿಡಬೇಕು ಎಂಬಲ್ಲಿ. ಕೆರೆ, ಬೋರು, ನಾಲೆಯ ಜೊತೆಗೆ ಕೊಬ್ಬರಿಯ ಬೆಲೆಯೂ ಬರಬೇಕು. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು. ಆ ಬೆಲೆಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುವುದೂ ಇನ್ನೊಂದು ವಿಳಂಬ. ಎಷ್ಟು ಬೋರು ಫೇಲಾದ ಮೇಲೆ ಒಂದು ಮನೆಯವರು ತೋಟದ ಆಸೆ ಬಿಡುತ್ತಾರೆ? ಪಕ್ಕದ ತೋಟದವರು ಬೋರು ಕೊರೆಸಿದರೆ ಇವರೇನು ಮಾಡುತ್ತಾರೆ? ಈ ನಿಯಮಗಳು ತಿಳಿದಿರುವುದು ತೋಟದವರಿಗೆ. ಮಾದರಿಯ ಊಹೆಗಳು ಇಂಗ್ಲಿಷಿನಲ್ಲಿ, ಫೋರ್‌ಟ್ರಾನ್ ಸಾಲುಗಳಲ್ಲಿ ಇರುವವರೆಗೆ ‘ಇದು ಹೀಗಲ್ಲ’ ಎಂದು ತಿದ್ದಲು ಅವರಿಗೆ ದಾರಿಯಿಲ್ಲ.

ಇದರಲ್ಲಿ ಅಪಾಯವೂ ಇದೆ. ಮನುಷ್ಯರನ್ನು ಒಳಗೆ ತಂದ ಕೂಡಲೇ ಅವರನ್ನು ಲಾಭ ಎಣಿಸುವ ಯಂತ್ರಗಳನ್ನಾಗಿ ಮಾಡುವ ಆಮಿಷ ಹುಟ್ಟುತ್ತದೆ. ಸಾಹಿತ್ಯದ ಓದು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗೊತ್ತು, ಒಂದು ಸೀಮೆಯ ಬದುಕನ್ನು ಹಿಡಿಯಲು ಕುವೆಂಪು ಎಷ್ಟು ಮನೆಗಳ, ಎಷ್ಟು ಬಗೆಯ ಆಸೆ ಮತ್ತು ಭಯಗಳ ಒಳಹೊಕ್ಕರು ಎಂದು. ಒಬ್ಬನ ನಡೆ ಇನ್ನೊಬ್ಬನ ಬದುಕನ್ನು ಅಲುಗಿಸುವ ಬಗೆ ಅಲ್ಲಿದೆ, ಆದರೆ ಯಾರೂ ಒಂದೇ ಸೂತ್ರಕ್ಕೆ ಇಳಿಯುವುದಿಲ್ಲ. ಮಾದರಿ ಅಷ್ಟನ್ನು ಹಿಡಿಯಲಾರದು. ತಾನು ಬಿಟ್ಟದ್ದೇನು ಎಂದಾದರೂ ಅದು ಹೇಳಬೇಕು, ಬಿಟ್ಟದ್ದನ್ನು ಓದುಗರು ಕೇಳಬೇಕು.

ಆದ್ದರಿಂದ ತೆಂಗಿನ ಭವಿಷ್ಯ ಹೇಳುವ ಯಾವುದೇ ವರದಿ ಕೈಗೆ ಬಂದಾಗ ಅಂಕಿಗಳಿಗಿಂತ ಮೊದಲು ಷರತ್ತುಗಳನ್ನು ಹುಡುಕಿ, ಅವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳೋಣ. ನೀರು ಸಿಕ್ಕರೆ ಎಂದಿದ್ದರೆ ಯಾರ ನೀರು, ಯಾವ ಕೆರೆಯದು, ಎಷ್ಟು ಅಡಿ ಆಳದ್ದು ಎಂದು ಕೇಳೋಣ.