‘ದಿಗಿಲು’ ಎಂಬ ಮಾತು: ಆತಂಕ ಪ್ರಶ್ನಾವಳಿಗಳ ಭಾಷಾಂತರವನ್ನು ಕುರಿತು

ಮನಸ್ಸಿನ ಆತಂಕವನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಹುಟ್ಟಿದವು. ಅವನ್ನು ಅನ್ಯಭಾಷೆಗೆ ತರುವವರು ಸಾಮಾನ್ಯವಾಗಿ ಅವಲಂಬಿಸುವ ಕ್ರಮ 1970ರಲ್ಲಿ ಬ್ರಿಸ್ಲಿನ್ ಅವರು ವಿವರಿಸಿದ ಮರುಭಾಷಾಂತರ. ಒಬ್ಬರು ಭಾಷಾಂತರಿಸಿದುದನ್ನು, ಮೂಲವನ್ನು ಕಾಣದ ಮತ್ತೊಬ್ಬರು ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡೂ ಹೊಂದಿದರೆ ಕಾರ್ಯ ಸಿದ್ಧಿಸಿತೆಂದು ಭಾವಿಸಲಾಗುತ್ತದೆ. ಈ ಕ್ರಮದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಪರೀಕ್ಷಿಸುವುದು ಇಬ್ಬರು ವಿದ್ಯಾವಂತರ ಒಮ್ಮತವನ್ನೇ ಹೊರತು ಉತ್ತರಿಸುವವನ ಗ್ರಹಿಕೆಯನ್ನಲ್ಲ.

ಝಿಗ್‌ಮಂಡ್ ಮತ್ತು ಸ್ನೇಯ್ತ್ ಅವರು 1983ರಲ್ಲಿ ಪ್ರಕಟಿಸಿದ, ಆಸ್ಪತ್ರೆಯ ರೋಗಿಗಳಿಗಾಗಿ ರಚಿತವಾದ ಮಾಪನದಲ್ಲಿ 14 ಅಂಶಗಳಿವೆ. ಅವುಗಳಲ್ಲಿ 7 ಆತಂಕಕ್ಕೆ ಸಂಬಂಧಿಸಿದವು. ಒಂದು ಅಂಶವು ಭಯವನ್ನು ಹೊಟ್ಟೆಯೊಳಗಿನ ಚಿಟ್ಟೆಗಳಿಗೆ ಹೋಲಿಸುತ್ತದೆ. ಅದನ್ನು ಹಾಗೆಯೇ ಕನ್ನಡಿಸಿದರೆ ರೋಗಿ ನಕ್ಕಾನು. ‘ಎದೆ ಡವಡವ ಎನ್ನುವುದು’ ಎಂದರೆ ಒಡನೆ ತಿಳಿದಾನು. ಇಂಥ ದೋಷ ಕಣ್ಣಿಗೆ ಬೀಳುವುದರಿಂದ ತಿದ್ದುವುದು ಸುಲಭ. ಪರಿಚಿತ ಪದದಲ್ಲಿ ಅಡಗಿದ ದೋಷವೇ ಅಪಾಯಕರವಾದುದು.

ಬಂಗಾರಪೇಟೆಯ ಕಡೆಯ ಕಾಮಸಮುದ್ರವನ್ನು ನೋಡೋಣ. ಆಂಧ್ರ, ತಮಿಳುನಾಡುಗಳೆರಡರ ಗಡಿಗೂ ಹತ್ತಿರವಾದ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆತಿವೆ. ಕನ್ನಡದ ‘ದಿಗಿಲು’ ಥಟ್ಟನೆ ಹುಟ್ಟುವ ಭಯ. ತೆಲುಗಿನ ‘ದಿಗುಲು’ ಚಿಂತೆ, ದುಃಖ. ತಮಿಳಿನ ‘ತಿಗಿಲ್’ ಘೋರ ಭೀತಿ. ಇನ್ನು ‘ಆತಂಕ’ವೋ, ‘ಅಡ್ಡಿ ಆತಂಕ’ ಎಂಬ ಜೋಡಿನುಡಿಯಲ್ಲಿ ವಿಘ್ನವೆಂದೇ ಅರ್ಥ ಕೊಡುತ್ತದೆ. ತೆಲುಗಿನ ‘ಆಟಂಕಂ’ ಸಹ ವಿಘ್ನವೇ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡ ಕಲಿತವನು ‘ದಿಗಿಲಾಗುತ್ತದೆಯೇ?’ ಎಂಬುದಕ್ಕೆ ಹೌದೆಂದರೆ, ಅವನು ಒಪ್ಪಿಕೊಂಡದ್ದು ಭಯವನ್ನೋ ವ್ಯಸನವನ್ನೋ? ಮರುಭಾಷಾಂತರಕಾರರು ಅದನ್ನು ‘ಭಯ’ವೆಂದೇ ನಿರ್ದೋಷವಾಗಿ ತಿರುಗಿಸುವರು, ತಪ್ಪು ಮಾತ್ರ ಉಳಿಯುವುದು. ಫಲವಾಗಿ ಸ್ವಸ್ಥನು ರೋಗಿಯೆನಿಸಬಹುದು. ಚಿಕಿತ್ಸೆ ಬೇಕಾದವನು ಬರಿಗೈಯಲ್ಲಿ ಮನೆಗೆ ಮರಳಬಹುದು.

ಪದದಂತೆ ಪರಿಸ್ಥಿತಿಯೂ ವಿಚಾರಾರ್ಹ. ಸಮೀಪದ ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಬಂಡೆ ಸಿಡಿದು ಜೀವಹಾನಿಯಾಗುವುದು ಅಲ್ಲಿ ಕಲ್ಪನೆಯ ಮಾತಾಗಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿದಾಗ ಜೀವನೋಪಾಯವೇ ಹೋಯಿತು. ‘ಕೇಡು ಸಂಭವಿಸೀತೆಂದು ಅನಿಸುತ್ತದೆಯೇ?’ ಎಂಬುದಕ್ಕೆ ಇಂಥ ಮನೆಯವರು ಹೌದೆಂದರೆ ಅದು ವ್ಯಾಧಿಯ ಲಕ್ಷಣವೇ ಆಗಬೇಕಿಲ್ಲ, ವಿವೇಕವೂ ಆಗಿರಬಹುದು.

ಶಾಸನವನ್ನು ಓದುವಾಗ ಅದು ಯಾವ ಸೀಮೆಯದು, ಯಾವ ಕಾಲದ್ದು, ಯಾರ ಮಾತು ಎಂದು ನಾವು ಮೊದಲು ಕೇಳುತ್ತೇವೆ. ಪ್ರಶ್ನಾವಳಿಗೂ ಇದೇ ನ್ಯಾಯ ಸಲ್ಲಬೇಕು. ಅಂಕವಿಡುವ ಮೊದಲು ಆಯಾ ಊರಿನ ಕೆಲವರಿಂದ ಪ್ರತಿಯೊಂದು ಪ್ರಶ್ನೆಯ ಅರ್ಥವನ್ನು ಅವರದೇ ಮಾತಿನಲ್ಲಿ ಹೇಳಿಸಬೇಕು, ಮನೆಮಾತನ್ನು ದಾಖಲಿಸಬೇಕು, ರೋಗದ ಗಡಿಯಂಕವನ್ನು ಅಲ್ಲಿಯವರನ್ನೇ ವೈದ್ಯರು ಪರೀಕ್ಷಿಸಿದ ಫಲಿತಾಂಶದೊಡನೆ ತಾಳೆ ನೋಡಿ ನಿಶ್ಚಯಿಸಬೇಕು. ಇವು ಹೊಸ ಉಪಾಯಗಳಲ್ಲ, ಶಾಸ್ತ್ರಜ್ಞರು ಬಲ್ಲವೇ. ಕಾಲ ಉಳಿಸಲು ಇವನ್ನು ಕೈಬಿಡುವುದನ್ನೇ ನಾವು ಆಕ್ಷೇಪಿಸುತ್ತೇವೆ.