ಕಬ್ಬಿಣದ ರಂಟೆ

ಬೇಸಿಗೆಗೆ ಬಿರಿದ ಕುಡಚಿಯ ಎರೆಹೊಲದಲ್ಲಿ ಇಳಿಯುವ ಕಬ್ಬಿಣದ ರಂಟೆಯ ಬಲಕ್ಕಿಂತ, ಅದು ಉತ್ತರಿಸಬೇಕಾಗಿದ್ದ ಪ್ರಶ್ನೆಗಳೇ ನನಗೆ ಹೆಚ್ಚು ಮೆಚ್ಚುಗೆ.

1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಮಾರಿದವರು, ಮೇವು ಕತ್ತರಿಸುವ ಯಂತ್ರ ಮಾಡಿದವರು. ಆಮೇಲೆ ಕೈಹಾಕಿದ್ದು ರಂಟೆಗೆ. ಮರದ ನೇಗಿಲು ನೆಲವನ್ನು ಗೀರುತ್ತದೆ. ಕಬ್ಬಿಣದ ರಂಟೆ ಸೀಳಿ, ಎತ್ತಿ, ಮಗುಚಬೇಕು. ಮಗುಚಿದರೆ ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಆದರೆ ಆಳ ಹೆಚ್ಚಿದಷ್ಟೂ ಎಳೆತವೂ ಹೆಚ್ಚು. ಊರಿನ ಎತ್ತುಗಳು ಎಳೆದಾವೆ? ಎರಕದ ಕಬ್ಬಿಣ ಗಡಸು, ನಿಧಾನವಾಗಿ ಸವೆಯುತ್ತದೆ. ಕಲ್ಲಿಗೆ ತಾಗಿದರೆ ಮಾತ್ರ ಫಟ್ಟನೆ ಒಡೆಯುತ್ತದೆ. ಒಡೆದದ್ದನ್ನು ಕಂಬಾರನ ಕುಲುಮೆ ಕೂಡಿಸಲಾರದು. ಹಾಗಾಗಿ ಕುಳವನ್ನು ಬೋಲ್ಟ್ ಬಿಚ್ಚಿ ಬದಲಿಸುವಂತಿರಬೇಕು, ಬದಲಿ ಕುಳ ಹಂಗಾಮಿನೊಳಗೆ ಸಿಗಬೇಕು. ರಂಟೆಯ ನಕ್ಷೆಯ ಮೇಲೆ ಇವು ಯಾವುವೂ ಕಾಣುವುದಿಲ್ಲ.

ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಹಿಂಜರಿದ ಕತೆಯನ್ನು ಜನ ನಗುತ್ತಾ ಹೇಳುತ್ತಾರೆ. ನನಗೇನೋ ನಗು ಬರುವುದಿಲ್ಲ. ವರ್ಷದ ಅನ್ನ ಆ ಒಂದೇ ಹೊಲದಲ್ಲಿದ್ದವನು ಅನುಮಾನಿಸದೆ ಇನ್ನೇನು ಮಾಡಿಯಾನು? ಕಾರ್ಖಾನೆಯ ಪರೀಕ್ಷೆಗಿಂತ ಅವನ ಪರೀಕ್ಷೆಯೇ ಬಿಗಿ.

ರಂಟೆ ಅದನ್ನೂ ಗೆದ್ದಿತು. 1910ರಲ್ಲಿ ಔಂಧ್ ಅರಸರು ಕೊಟ್ಟ ಜಾಗದಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ಕುಡಚಿಯಲ್ಲಿ ರೈಲು ಹತ್ತಿದರೆ, ಮೀರಜ್ ದಾಟಿ ಪುಣೆಯ ಹಾದಿಯಲ್ಲೇ ಸಿಗುತ್ತದೆ.