ಗುಂಬಳ್ಳಿ ಕಲಿಸಿದ್ದು, ನಾವು ಕಲಿಯದೆ ಬಿಟ್ಟದ್ದು

ದಾನದ ಹಣದಿಂದ ಆರೋಗ್ಯ ಸೇವೆ ನಡೆಸುವ ಸಂಸ್ಥೆಗಳ ಬಗ್ಗೆ ಕನ್ನಡದಲ್ಲಿ ಬರುವುದು ಹೆಚ್ಚಾಗಿ ಸನ್ಮಾನಪತ್ರದ ಧಾಟಿಯ ಬರಹ. ಸಂಸ್ಥಾಪಕರ ತ್ಯಾಗ, ಬಂದ ಪ್ರಶಸ್ತಿ, ನಡೆಸಿದ ಶಿಬಿರಗಳ ಸಂಖ್ಯೆ, ಅಷ್ಟಕ್ಕೆ ಮುಗಿಯುತ್ತದೆ. ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡಾಗ ತೋರುವ ಶ್ರದ್ಧೆಯನ್ನು ಇವುಗಳ ಕೆಲಸದ ಮೇಲೆ ನಾವು ತೋರುವುದಿಲ್ಲ. ತೋರಲೇಬೇಕು. ಇಲ್ಲಿ ಕೆಲಸ ಕೆಟ್ಟರೆ ಅದರ ಫಲ ಉಣ್ಣುವವರು ಬೇರೆಲ್ಲೂ ಹೋಗಲಾರದ ಬಡವರು. ಯಳಂದೂರಿನ ಕರುಣಾ ಟ್ರಸ್ಟ್ ಅಂಥ ವಿಮರ್ಶೆಯನ್ನು ತಾಳಿಕೊಳ್ಳಬಲ್ಲ ಸಂಸ್ಥೆ. ಆದ್ದರಿಂದಲೇ ಅದನ್ನು ಆರಿಸಿಕೊಂಡಿದ್ದೇನೆ.

ಇದರ ಬೇರು ಇರುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಅಲ್ಲಿನ ಸೋಲಿಗ ಬುಡಕಟ್ಟಿನವರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆಗೇ ಶಾಲೆ ಬಂತು, ಸೋಲಿಗರ ಸಂಘಟನೆ ಬೆಳೆಯಿತು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಸೋಲಿಗರ ಕೈತಪ್ಪಿದ ಕಾಡು ಅವರ ಊಟದ ತಟ್ಟೆಯ ಪ್ರಶ್ನೆಯೂ ಆಗಿತ್ತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಗುವವರೆಗೂ ಅದಕ್ಕಾಗಿ ಹೋರಾಟ ನಡೆಯಿತು. ಸುದರ್ಶನ್ ಮತ್ತು ಕೇಂದ್ರಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಬಹಳ ಮಂದಿಗೆ ಗೊತ್ತು. ಬೆಟ್ಟದ ಕೆಳಗೆ, ಬಯಲಿನ ಹಳ್ಳಿಗಳಲ್ಲಿ 1986ರಿಂದ ಅವರದೇ ಕರುಣಾ ಟ್ರಸ್ಟಿನ ಮೂಲಕ ನಡೆದ ಕೆಲಸ ಅಷ್ಟಾಗಿ ಗೊತ್ತಿಲ್ಲ. ನನ್ನ ಮಟ್ಟಿಗೆ ಹೆಚ್ಚು ಕಲಿಯುವುದು ಅಲ್ಲೇ ಇದೆ.

ಕರುಣಾ ಟ್ರಸ್ಟ್ ಹುಟ್ಟಿದ್ದು ಕುಷ್ಠರೋಗಕ್ಕಾಗಿ. ಆಗ ಯಳಂದೂರು ತಾಲ್ಲೂಕಿನಲ್ಲಿ ಸಾವಿರ ಜನರಲ್ಲಿ 20ಕ್ಕೂ ಹೆಚ್ಚು ಮಂದಿಗೆ ಆ ರೋಗವಿತ್ತು. ಬಹುಔಷಧ ಚಿಕಿತ್ಸೆ ಆಗಷ್ಟೇ ಬಂದಿತ್ತು, ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಹಾಗಾಗಿ ರೋಗ ಇಳಿದದ್ದರ ಪೂರ್ತಿ ಕೀರ್ತಿಯನ್ನು ಟ್ರಸ್ಟಿಗೆ ಕಟ್ಟುವುದು ಸರಿಯಲ್ಲ. ಆದರೆ ಮಾತ್ರೆ ಇದ್ದ ಮಾತ್ರಕ್ಕೆ ಯಾರೂ ಗುಣವಾಗುವುದಿಲ್ಲ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ. ಕ್ಲೋಫಜಿಮಿನ್ ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈಬಣ್ಣ ಕಪ್ಪಿಡುತ್ತದೆ. ಮೊದಲೇ ಹೇಳಿರದಿದ್ದರೆ, ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುವುದು ಸಹಜ. ಮೈಮೇಲಿನ ಮಚ್ಚೆಯನ್ನು ಅಕ್ಕಪಕ್ಕದವರಿಂದ ಮುಚ್ಚಿಟ್ಟುಕೊಂಡವರು ಆಸ್ಪತ್ರೆಗೆ ಬಂದು ಸಾಲಿನಲ್ಲಿ ನಿಲ್ಲುವುದೂ ಇಲ್ಲ. ಅವರ ಮನೆಗೇ ಹೋಗಬೇಕು, ಮಚ್ಚೆ ಇರುವ ಜಾಗದಲ್ಲಿ ಸ್ಪರ್ಶಜ್ಞಾನ ಇದೆಯೇ ನೋಡಬೇಕು, ಮುಂದಿನ ತಿಂಗಳು ಮತ್ತೆ ಹೋಗಬೇಕು. ಮಾತ್ರೆ ಸರ್ಕಾರದ್ದು, ನಡಿಗೆ ಟ್ರಸ್ಟಿನದು. ಆ ಎರಡನೇ ಭೇಟಿಯೇ ಇಲ್ಲಿನ ಸಾಧನೆ ಎಂದು ನಾನು ಎಣಿಸುತ್ತೇನೆ.

ಕುಷ್ಠ ಇಳಿದ ಮೇಲೆ ಗಂಟುಮೂಟೆ ಕಟ್ಟದೆ ಮೂರ್ಛೆರೋಗ, ಕ್ಷಯ, ಮಾನಸಿಕ ಕಾಯಿಲೆಗಳನ್ನು ಕೈಗೆತ್ತಿಕೊಂಡದ್ದು ಇನ್ನೊಂದು ಒಳ್ಳೆಯ ನಿರ್ಧಾರ. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಒಂದು ವಿಚಿತ್ರ ಮೂರ್ಛೆ ಇದೆ. ಬಚ್ಚಲಲ್ಲಿ ಕೂತು, ಹಂಡೆಯ ಬಿಸಿನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಎರೆದುಕೊಳ್ಳುವಾಗ ಫಿಟ್ಸ್ ಬರುತ್ತದೆ. ವೈದ್ಯಲೋಕ ಇದನ್ನು ಬಿಸಿನೀರಿನ ಮೂರ್ಛೆ ಎಂದೇ ಗುರುತಿಸಿದೆ. ಊರಿನಲ್ಲಿ ಮಾತ್ರ ಗಾಳಿ ಸೋಕಿತು ಎನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ, ಹುಡುಗಿಯಾದರೆ ಮದುವೆಯ ಮಾತೇ ನಿಂತುಹೋಗುತ್ತದೆ. ನೀರನ್ನು ಉಗುರುಬೆಚ್ಚಗಿಟ್ಟುಕೊಳ್ಳಿ, ನೇರವಾಗಿ ತಲೆಗೆ ಸುರಿಯಬೇಡಿ ಎಂಬ ಎರಡು ಮಾತಿನಿಂದಲೇ ಎಷ್ಟೋ ಮಂದಿಗೆ ಅದು ಹತೋಟಿಗೆ ಬರುತ್ತದೆ. ಉಳಿದ ಬಗೆಯ ಮೂರ್ಛೆಗೂ ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳು ಹಳ್ಳಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದನ್ನು ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದೇ ತಾಲ್ಲೂಕಿನಲ್ಲಿ ತೋರಿಸಿದರು. 2001ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. ದೊಡ್ಡ ಯಂತ್ರವೊಂದೂ ಬೇಕಾಗಲಿಲ್ಲ. ಮಾತ್ರೆ ತಪ್ಪಿಸದಂತೆ ವರ್ಷಗಟ್ಟಲೆ ನೋಡಿಕೊಳ್ಳುವವರು ಬೇಕಿತ್ತು.

ಇದರ ಪಕ್ಕದಲ್ಲಿ ನಮ್ಮ ಊರೂರಿನ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ಇಟ್ಟು ನೋಡಿ. ಶಾಮಿಯಾನ, ಬ್ಯಾನರ್, ದೀಪ ಬೆಳಗಿಸುವ ಗಣ್ಯರು, ಅವರ ಭಾಷಣ ಮುಗಿಯುವ ತನಕ ಖಾಲಿ ಹೊಟ್ಟೆಯಲ್ಲಿ ಕಾಯುವ ಮುದುಕರು. ಬಿಪಿ, ಶುಗರ್ ನೋಡುತ್ತಾರೆ, ಜಾಸ್ತಿ ಇದೆ ಎನ್ನುತ್ತಾರೆ, ಹತ್ತು ದಿನದ ಮಾತ್ರೆ ಕೊಡುತ್ತಾರೆ. ಹನ್ನೊಂದನೇ ದಿನಕ್ಕೆ ಯಾರೂ ಇಲ್ಲ. ಬಿಪಿ ಬದುಕಿಡೀ ಇರುವ ಕಾಯಿಲೆ. ಹತ್ತು ದಿನದ ಮಾತ್ರೆಯಿಂದ ಆಗುವ ಉಪಕಾರ ಬಹಳ ಕಡಿಮೆ. ಕಣ್ಣಿನ ಪೊರೆಯ ಶಿಬಿರದ ಮಾತು ಬೇರೆ, ಅಲ್ಲಿ ಒಂದು ಶಸ್ತ್ರಚಿಕಿತ್ಸೆಯಿಂದ ಕೆಲಸ ಮುಗಿಯುತ್ತದೆ. ಉಳಿದ ಶಿಬಿರಗಳಿಗೆ ಹೋಗುವ ಹಣ, ಸಮಯ, ವೈದ್ಯರ ಒಳ್ಳೆಯತನ ಇವುಗಳ ಬಹುಪಾಲು ವ್ಯರ್ಥವಾಗುತ್ತಿದೆ ಎಂದೇ ನನ್ನ ಅಭಿಪ್ರಾಯ.

ಟ್ರಸ್ಟಿನ ಇನ್ನೊಂದು ಪ್ರಯೋಗವನ್ನು ನಾವು ಮರೆತೇಬಿಟ್ಟಿದ್ದೇವೆ. 2002ರಲ್ಲಿ ಯುಎನ್‌ಡಿಪಿ ನೆರವಿನಿಂದ, ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆ ಸೇರಿ, ಟಿ. ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ಅದು ಬಡವರಿಗಾಗಿ ಆರೋಗ್ಯ ವಿಮೆ ತಂದಿತು. ಸರ್ಕಾರಿ ಆಸ್ಪತ್ರೆಗೆ ದಾಖಲಾದವರಿಗೆ ಹೋದ ಕೂಲಿಯ ಬಾಬ್ತು ದಿನಕ್ಕೆ 50 ರೂಪಾಯಿ ಕೊಡುವ ಏರ್ಪಾಡು ಅದರಲ್ಲಿತ್ತು. ಇದನ್ನು ಯೋಚಿಸಿದವರಿಗೆ ಕೂಲಿಕಾರರ ಮನೆ ಒಳಗಿನಿಂದ ಗೊತ್ತಿತ್ತು. ಆಸ್ಪತ್ರೆ ಪುಕ್ಕಟೆಯಾದರೂ ಹೆಂಗಸರು ಮಲಗಲು ಒಪ್ಪದಿರುವುದು ಆ ದಿನದ ಕೂಲಿ ಹೋಗುತ್ತದೆಂಬ ಕಾರಣಕ್ಕೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಹೋದ ಕೂಲಿಗೆ ಅದರಲ್ಲಿ ಜಾಗವಿಲ್ಲ. ಮೊತ್ತ ಬೆಳೆಯಿತು, ಆ ತಿಳಿವಳಿಕೆ ಕಳೆದುಹೋಯಿತು.

ಈಗ ಕಷ್ಟದ ಭಾಗ. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಕರುಣಾ ಟ್ರಸ್ಟಿಗೆ ವಹಿಸಿತು. ಹಣದ ದೊಡ್ಡ ಪಾಲು ಸರ್ಕಾರದ್ದು, ನಡೆಸುವ ಹೊಣೆ ಟ್ರಸ್ಟಿನದು. ಸಿಬ್ಬಂದಿ ಊರಿನಲ್ಲೇ ಉಳಿಯಬೇಕು, ಲಂಚ ಮುಟ್ಟಬಾರದು, ಹೆರಿಗೆಗೆ ರಾತ್ರಿ ಬಂದರೂ ಬಾಗಿಲು ತೆಗೆದಿರಬೇಕು ಎಂಬುದು ಅಲ್ಲಿನ ಶಿಸ್ತು. ಕೇಂದ್ರ ಮಾದರಿಯಾಯಿತು. ಅದೇ ಪದ್ಧತಿ ರಾಜ್ಯದ ಬೇರೆ ಜಿಲ್ಲೆಗಳಿಗೆ, ಅರುಣಾಚಲ ಪ್ರದೇಶದಂಥ ದೂರದ ರಾಜ್ಯಕ್ಕೂ ಹೋಯಿತು. ಡಾಕ್ಟರೇ ಇಲ್ಲದ ಕಡೆ ಡಾಕ್ಟರು ಬಂದದ್ದು ಸಣ್ಣ ಸಂಗತಿಯಲ್ಲ.

ಆದರೆ ಗುಂಬಳ್ಳಿಯಿಂದ ಸರ್ಕಾರ ತಪ್ಪು ಪಾಠ ಕಲಿಯಿತು. ಅದೇ ಕಟ್ಟಡ, ಹೆಚ್ಚುಕಡಿಮೆ ಅದೇ ಹಣದಲ್ಲಿ ಕೇಂದ್ರ ನಡೆಯಿತೆಂದರೆ, ಕೊರತೆ ಇದ್ದದ್ದು ಮೇಲ್ವಿಚಾರಣೆಯಲ್ಲಿ, ನೇಮಕಾತಿಯಲ್ಲಿ, ಲಂಚವನ್ನು ಸಹಿಸಿಕೊಂಡದ್ದರಲ್ಲಿ. ಅದನ್ನು ಪಕ್ಕದ ಕೇಂದ್ರಗಳಲ್ಲಿ ತಾನೇ ಸರಿಪಡಿಸುವ ಬದಲು, ನಡೆಯದ ಕೇಂದ್ರಗಳನ್ನು ಸಂಸ್ಥೆಗಳಿಗೆ ಬಿಟ್ಟುಕೊಡುವ ದಾರಿ ಹಿಡಿಯಿತು. ಸುದರ್ಶನ್ ಅವರಿಗೆ ಇದು ತಿಳಿಯದ್ದಲ್ಲ. ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿ, ಆಮೇಲೆ ಲೋಕಾಯುಕ್ತದಲ್ಲಿ ಆರೋಗ್ಯ ಇಲಾಖೆಯ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಹೊಣೆ ಹೊತ್ತು ಅವರು ಇಲಾಖೆಯ ಒಳಗೇ ಕೈಹಾಕಿದವರು. ಹಾಗಿದ್ದೂ ಟ್ರಸ್ಟ್ ಒಂದರ ಮೇಲೊಂದು ಕೇಂದ್ರ ವಹಿಸಿಕೊಳ್ಳುತ್ತ ಹೋದದ್ದು ಸರ್ಕಾರದ ನುಣುಚಿಕೊಳ್ಳುವಿಕೆಗೆ ಅನುಕೂಲವಾಯಿತು ಎಂದು ಹೇಳದೆ ವಿಧಿಯಿಲ್ಲ. ಯಳಂದೂರಿನಲ್ಲಿ ಟ್ರಸ್ಟಿಗೆ ಪ್ರತಿ ಬೀದಿ ಗೊತ್ತಿತ್ತು. ದೂರದ ಕೇಂದ್ರದಲ್ಲಿ ಅದು ಗುತ್ತಿಗೆಯ ಸಿಬ್ಬಂದಿಯನ್ನು ನಡೆಸುವ ಇನ್ನೊಂದು ಆಡಳಿತವಷ್ಟೇ ಆಗುವ ಅಪಾಯವಿದೆ. ಒಪ್ಪಂದ ಮುಗಿದ ದಿನ ಊರಿನವರ ಕೈಯಲ್ಲಿ ಏನು ಉಳಿಯುತ್ತದೆ? ಬೆಟ್ಟದಲ್ಲಿ ಇದಕ್ಕೊಂದು ಉತ್ತರವಿತ್ತು. ಎಎನ್‌ಎಂ (ಸಹಾಯಕ ದಾದಿ) ತರಬೇತಿ ಪಡೆದ ಸೋಲಿಗರ ಹೆಣ್ಣುಮಕ್ಕಳಿದ್ದರು. ಸೋಲಿಗರ ಹಾಡಿಯಾದ ಪೋಡಿನ ದಾರಿ ಬಲ್ಲ, ಅಲ್ಲಿನವರ ಮಾತು ಬಲ್ಲ ಆ ಕೆಲಸಗಾರ್ತಿಯ ವಿದ್ಯೆಯನ್ನು ಯಾವ ಒಪ್ಪಂದವೂ ಹಿಂದಕ್ಕೆ ಪಡೆಯಲಾರದು. ಬೆಟ್ಟ, ಬಯಲು ಎರಡರ ಒಟ್ಟು ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇದನ್ನೇ.

ಇಂಥ ಕೆಲಸಕ್ಕೆ ಹಣ ಸಿಗುವುದು ಈಗ ಮೊದಲಿಗಿಂತ ಕಷ್ಟ. 2013ರ ಕಂಪನಿ ಕಾಯ್ದೆಯಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಕೊಡಬೇಕಾಗಿ ಬಂದದ್ದು ನಿಜ. ಆದರೆ ಆ ಹಣ ಆಂಬುಲೆನ್ಸ್, ಡಯಾಲಿಸಿಸ್ ಯಂತ್ರ, ಕಟ್ಟಡ ಎಂದು ಹೆಸರು ಬರೆಸಬಹುದಾದ ಕಡೆಗೇ ಸುಲಭವಾಗಿ ಹರಿಯುತ್ತದೆ. ಇನ್ನು ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಅಂಥ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಬರುತ್ತಿದ್ದ ಹಣ ನೆಚ್ಚಿಕೊಂಡಿದ್ದ ಹಳ್ಳಿಗಾಡಿನ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. ಮನೆಮನೆಗೆ ನಡೆಯುವ ಹೆಣ್ಣುಮಗಳ ಸಂಬಳಕ್ಕೆ ಹಣ ಕೊಡಿ ಎಂದರೆ ದಾನಿಗಳು ಹಿಂದೆ ಸರಿಯುತ್ತಾರೆ. ಅದನ್ನು ಖರ್ಚು ಎನ್ನುತ್ತಾರೆ, ಸೇವೆ ಎನ್ನುವುದಿಲ್ಲ.

ಮನೆಯಲ್ಲಿ ಯಾರದೋ ನೆನಪಿಗೋ ಹುಟ್ಟುಹಬ್ಬಕ್ಕೋ ನೀವು ಒಂದು ಆರೋಗ್ಯ ಸಂಸ್ಥೆಗೆ ಹಣ ಕೊಡುವವರಾದರೆ, ಕಳೆದ ವರ್ಷ ಎಷ್ಟು ಶಿಬಿರ ಮಾಡಿದಿರಿ ಎಂದು ಕೇಳಬೇಡಿ. ಹೋದ ತಿಂಗಳು ಮಾತ್ರೆ ಕೊಟ್ಟವರ ಮನೆಗೆ ಈ ತಿಂಗಳು ಯಾರು ಹೋದರು, ಅವರಿಗೆ ಸಂಬಳ ಎಷ್ಟು, ಅದು ಎಲ್ಲಿಂದ ಬರುತ್ತದೆ ಎಂದು ಕೇಳಿ. ಸರಿಯಾದ ಉತ್ತರ ಸಿಕ್ಕರೆ, ನಿಮ್ಮ ಹಣ ಆ ಸಂಬಳಕ್ಕೇ ಹೋಗಲಿ ಎಂದು ಬರೆದುಕೊಡಿ.